ತೋಟಾ ಒಂದು, ಕೋವಿ ಇನ್ನೊಂದು

ಸೆಪ್ಟೆಂಬರ್ ತಿಂಗಳ ಮೊದಲ ವಾರದಲ್ಲಿ, ನಾಟಿಯ ಕೆಲಸ ಮುಗಿದು ಗದ್ದೆಗಳೆಲ್ಲ ಹಸುರಾಗಿ ನಿಂತು, ಮಳೆಯೂ ಒಂದಿಷ್ಟು ಬಿಡುವು ಕೊಟ್ಟಿರುವ ವೇಳೆಯಲ್ಲಿ, ಕೊಡಗಿನ ಮನೆಗಳಲ್ಲಿ ಕೋವಿಗಳು ಗೋಡೆಯಿಂದ ಕೆಳಗಿಳಿದು, ಎಣ್ಣೆಯ ಬಟ್ಟೆಯಿಂದ ಒರೆಸಿಸಿಕೊಂಡು, ಕೋವಿಯ ಹೂವೆನಿಸಿದ ತೋಕ್‌ಪೂವನ್ನು ಮುಡಿದು, ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯ ದೀಪದ ಮುಂದೆ ಸಾಲಾಗಿ ಕೂರುತ್ತವೆ. ಆಯುಧಗಳನ್ನು ಪೂಜಿಸುವ ಈ ಕೈಲ್‌ಪೊಳ್ದ್ ಹಬ್ಬದ ಪೂಜೆಯಾದ ಮೇಲೆ ಊರವರು ಬಯಲಿನಲ್ಲಿ ನೆರೆಯುತ್ತಾರೆ. ಎತ್ತರದ ಮರದ ಕೊಂಬೆಗೆ ತೆಂಗಿನಕಾಯಿಯನ್ನು ಕಟ್ಟಿ, ಒಬ್ಬರಾದ ಮೇಲೊಬ್ಬರು ಗುರಿಯಿಡುತ್ತಾರೆ. ಹಿರಿಯರು ಕಿರಿಯರಿಗೆ ಕೋವಿ ಹಿಡಿಯುವ ಭಂಗಿಯನ್ನು ತಿದ್ದುತ್ತಾರೆ.

ಇಂಥ ದಿನದಲ್ಲಿ ಎರಡು ಕೋವಿಗಳಿರುವ ಮನೆಯೊಂದನ್ನು ಕಲ್ಪಿಸಿಕೊಳ್ಳೋಣ. ಒಂದು, ಅಜ್ಜನ ಕಾಲದಿಂದ ಬಂದ 12 ಬೋರಿನ ಜೋಡುನಳಿಗೆ. ಇನ್ನೊಂದು, ಆಮೇಲೆ ಕೊಂಡ, ಕೈಗೆ ಹಗುರವಾದ 20 ಬೋರಿನದು. ಎರಡರ ತೋಟಾಗಳೂ ಒಂದೇ ಚೀಲದಲ್ಲಿವೆ. ಹುಡುಗನೊಬ್ಬನು ಕಾಯಿಯ ಮೇಲಿನ ಕಣ್ಣನ್ನು ತೆಗೆಯದೆ ಚೀಲಕ್ಕೆ ಕೈಹಾಕಿ, ಸಿಕ್ಕಿದ ತೋಟಾವನ್ನು ಅಜ್ಜನ ಕೋವಿಯ ನಳಿಗೆಗೆ ಇಳಿಬಿಟ್ಟು, ಮುಚ್ಚಿ, ಗುರಿಯಿಟ್ಟು ಟ್ರಿಗರ್ ಎಳೆಯುತ್ತಾನೆ. ‘ಟಕ್’ ಎಂಬ ಸದ್ದು ಮಾತ್ರ ಕೇಳುತ್ತದೆ. ಕೋವಿಯನ್ನು ಮುರಿದು, ಎಂದರೆ ನಳಿಗೆಯ ಹಿಂಬದಿಯನ್ನು ತೆರೆದು, ನೋಡಿದರೆ ತೋಟಾ ಇರಬೇಕಾದ ಜಾಗ ಬರಿದಾಗಿದೆ. ಹಾಕಿದೆನೆಂದುಕೊಂಡು ಹಾಕದೆಯೇ ಬಿಟ್ಟೆನೇನೋ ಎಂದುಕೊಂಡು, ಈ ಸಲ ಸರಿಯಾದ ತೋಟಾವನ್ನೇ ತುಂಬಿ, ಅವನು ಮತ್ತೆ ಕೋವಿಯನ್ನೆತ್ತುತ್ತಾನೆ.

ಆ ಕ್ಷಣದಲ್ಲಿ ಯಾರಾದರೊಬ್ಬರು ಅವನ ಭುಜವನ್ನು ಹಿಡಿದು ತಡೆಯದಿದ್ದರೆ, ಮುಂದಿನ ಈಡು ನಳಿಗೆಯ ಬಾಯಿಂದ ಹೊರಡುವುದಿಲ್ಲ. ಅವನ ಎಡಗೈಯಿರುವಲ್ಲಿಯೇ ನಳಿಗೆಯನ್ನು ಸೀಳಿಕೊಂಡು ಹೊರಡುತ್ತದೆ. ಕೋವಿ ಬಲ್ಲವರ ಲೋಕದಲ್ಲಿ ಇದು ಹಳೆಯ ಅಪಘಾತ. ಎರಡು ಅಳತೆಯ ಕೋವಿಗಳು ಒಂದು ಸೂರಿನಡಿಯಲ್ಲಿರುವ ದೇಶಗಳಲ್ಲೆಲ್ಲ ಬಲ್ಲವರು ಇದನ್ನು ಕುರಿತು ಎಚ್ಚರಿಸುತ್ತಲೇ ಬಂದಿದ್ದಾರೆ. ಆದರೂ ಇದು ಹೇಗೆ ಸಂಭವಿಸುತ್ತದೆಂಬುದನ್ನು ಪೂರ್ತಿಯಾಗಿ ತಿಳಿದವರು ಕಡಮೆ.

ಎರಡು ಅಳತೆಗಳ ನಡುವೆ

ಕೋವಿಯ ನಳಿಗೆ ಮೊದಲಿನಿಂದ ಕೊನೆಯವರೆಗೆ ಒಂದೇ ಅಗಲದ ಕೊಳವೆಯಲ್ಲ. ಹಿಂಬದಿಯಲ್ಲಿ ತೋಟಾ ಕೂರುವ ಭಾಗವು, ಎಂದರೆ ಚೇಂಬರು, ತುಸು ಅಗಲವಾಗಿರುತ್ತದೆ. ಅದು ಮುಗಿಯುವಲ್ಲಿ ಒಂದು ಸಣ್ಣ ಇಳಿಜಾರಿನಂತೆ ಕಿರಿದಾಗಿ ನಳಿಗೆಯ ನಿಜವಾದ ಅಗಲಕ್ಕೆ ಬಂದು ಸೇರುತ್ತದೆ. 12 ಬೋರಿನ ಕೋವಿಯಲ್ಲಿ ಚೇಂಬರಿನ ಮುಂತುದಿಯ ಅಗಲ ಸುಮಾರು 20.3 ಮಿಲಿಮೀಟರ್, ಅದರಿಂದ ಮುಂದಿನ ನಳಿಗೆಯ ಅಗಲ ಸುಮಾರು 18.5 ಮಿಲಿಮೀಟರ್.

ತೋಟಾದ ತಳದಲ್ಲಿ ಹೊರಚಾಚಿದ ಹಿತ್ತಾಳೆಯ ಅಂಚೊಂದಿರುತ್ತದೆಯಷ್ಟೆ. ತನ್ನದೇ ಕೋವಿಯಲ್ಲಾದರೆ ಆ ಅಂಚು ಚೇಂಬರಿನ ಹಿಂಬಾಯಿಗೆ ತಗುಲಿ, ತೋಟಾ ಒಳಕ್ಕೆ ಜಾರದಂತೆ ಹಿಡಿದು ನಿಲ್ಲಿಸುತ್ತದೆ. 20 ಬೋರಿನ ತೋಟಾದ ಅಂಚಿನ ಅಗಲ ಸುಮಾರು 19.4 ಮಿಲಿಮೀಟರ್. ಆದುದರಿಂದ ಅದು 12 ಬೋರಿನ ಚೇಂಬರಿನಲ್ಲಿ ಎಲ್ಲಿಯೂ ತಗುಲದೆ ಜಾರಿಹೋಗುತ್ತದೆ; ಮುಂದಿನ ಇಳಿಜಾರಿನಲ್ಲಿ, ಎಂದರೆ 20.3 ಮುಗಿದು 18.5 ಆರಂಭವಾಗುವೆಡೆಯಲ್ಲಿ, ಗಟ್ಟಿಯಾಗಿ ಸಿಕ್ಕಿಕೊಂಡು ನಿಲ್ಲುತ್ತದೆ. ಇದಕ್ಕಿಂತ ಸ್ವಲ್ಪ ದಪ್ಪವಾಗಿದ್ದರೆ ಒಳಗೆ ಹೋಗುತ್ತಿರಲಿಲ್ಲ. ಇದಕ್ಕಿಂತ ಸ್ವಲ್ಪ ಸಣ್ಣದಾಗಿದ್ದರೆ ನಳಿಗೆಯ ಬಾಯಿಂದ ನೆಲಕ್ಕೆ ಉದುರಿಬಿಡುತ್ತಿತ್ತು. ಎರಡರಲ್ಲಿ ಯಾವುದಾದರೂ ಮನುಷ್ಯನಿಗೆ ತಪ್ಪಿನ ಅರಿವಾಗುತ್ತಿತ್ತು. ದುರದೃಷ್ಟವಶಾತ್ ಈ ಒಂದು ಜೋಡಿಯ ಅಳತೆಗಳು, ತಪ್ಪನ್ನು ತಾವೇ ಮರೆಮಾಡುವಂತೆ ಒದಗಿಬಂದಿವೆ.

ಸಿಕ್ಕಿಕೊಂಡ ತೋಟಾವನ್ನು ಸಿಡಿಸುವ ಪಿನ್ನು ಮುಟ್ಟಲಾರದು. ಆದುದರಿಂದಲೇ ಮೊದಲ ಬಾರಿ ಬರಿಯ ‘ಟಕ್’ ಸದ್ದು. ಕೋವಿಯನ್ನು ಮುರಿದಾಗ ಕಣ್ಣಿಗೆ ಬೀಳುವ ಚೇಂಬರು ಖಾಲಿ. ಅದರ ಹಿಂದೆ 12 ಬೋರಿನ ತೋಟಾವನ್ನು ಹಾಕಿದರೆ ಅದೂ ಸಲೀಸಾಗಿ ಕೂರುತ್ತದೆ; ಏಕೆಂದರೆ ತೋಟಾದ ಮೇಲೆ ಬರೆದಿರುವ ಉದ್ದವು ಅದು ಸಿಡಿದು ಬಾಯಿಬಿಚ್ಚಿದ ಮೇಲಿನ ಉದ್ದವೇ ಹೊರತು, ಬಾಯಿ ಮಡಿಸಿಕೊಂಡಿರುವಾಗಿನದಲ್ಲ. ಹೀಗೆ ಒಂದೇ ನಳಿಗೆಯಲ್ಲಿ ಒಂದರ ಮುಂದೊಂದು ಎರಡು ತೋಟಾಗಳು ಕುಳಿತಿರುವುದು ನೋಡುವವನಿಗೆ ಯಾವ ಬಗೆಯಲ್ಲಿಯೂ ತಿಳಿಯದು.

ಈಡಿನ ಒಳಗೆ

ಈಡು ಹಾರುವಾಗ ನಡೆಯುವುದೇನು? ಪಿನ್ನು ಬಡಿದೊಡನೆ ತೋಟಾದ ತಳದ ಕೇಪು ಕಿಡಿಯಾಡಿ, ಒಂದೂವರೆ ಗ್ರಾಮಿನ ಆಸುಪಾಸಿನಷ್ಟು ಮದ್ದು ಉರಿಯುತ್ತದೆ. ಆ ಉರಿಯಿಂದ ಹುಟ್ಟಿದ ಅನಿಲದ ಒತ್ತಡವು, ಸೆಕೆಂಡಿನ ಸಾವಿರದ ಒಂದು ಭಾಗ ಕಳೆಯುವ ಮುನ್ನವೇ, ವಾಯುಮಂಡಲದ ಒತ್ತಡದ ಸುಮಾರು 700 ಪಟ್ಟಿನವರೆಗೆ ಏರಬಲ್ಲುದು. 12 ಬೋರಿನ ಸಾಮಾನ್ಯ ತೋಟಾಕ್ಕೆ ತಜ್ಞರು ವಿಧಿಸಿರುವ ಮೇರೆಯೇ ಅದು. ರೈಫಲಿನಲ್ಲಿ ಇದೇ ಒತ್ತಡ 3,000ದಿಂದ 4,000 ಪಟ್ಟಿನವರೆಗೆ ಹೋಗುತ್ತದೆ.

ಇಷ್ಟು ಭಯಂಕರವಾದ ಶಕ್ತಿಯನ್ನು ಮನುಷ್ಯನು ಕೆನ್ನೆಯ ಪಕ್ಕದಲ್ಲಿಟ್ಟುಕೊಂಡು ನಿರ್ಭಯವಾಗಿ ನಿಲ್ಲಬಲ್ಲನೆಂದರೆ, ಅದಕ್ಕೆ ಎರಡು ಏರ್ಪಾಡುಗಳು ಕಾರಣ. ಮೊದಲನೆಯದು, ತೋಟಾದ ಚಿಪ್ಪು ಒತ್ತಡಕ್ಕೆ ಹಿಗ್ಗಿ ಚೇಂಬರಿನ ಗೋಡೆಗೆ ಅಂಟಿಕೊಂಡು, ಅನಿಲ ಹಿಂದಕ್ಕೆ ನುಗ್ಗದಂತೆ ತಾನೇ ಬಿರಡೆಯಾಗುವುದು. ಎರಡನೆಯದು, ಮುಂದಿರುವ ಗುಂಡು ಅಥವಾ ಚರೆ ತಡೆಯಿಲ್ಲದೆ ಓಡತೊಡಗಿ, ಅನಿಲಕ್ಕೆ ಹರಡಿಕೊಳ್ಳಲು ಕ್ಷಣಕ್ಷಣವೂ ಹೆಚ್ಚು ಹೆಚ್ಚು ಸ್ಥಳವನ್ನು ಬಿಟ್ಟುಕೊಡುವುದು. ತೋಟಾ ಚೇಂಬರಿಗಿಂತ ಸಣ್ಣದಾದರೆ ಮೊದಲನೆಯ ಏರ್ಪಾಡು ಕೆಡುತ್ತದೆ; ಗುಂಡು ನಳಿಗೆಗಿಂತ ದೊಡ್ಡದಾದರೆ, ಅಥವಾ ದಾರಿಯಲ್ಲಿ ಏನಾದರೂ ಅಡ್ಡವಿದ್ದರೆ, ಎರಡನೆಯದು ಕೆಡುತ್ತದೆ. ತಪ್ಪು ತೋಟಾದಿಂದಾಗುವ ಅನಾಹುತಗಳೆಲ್ಲವನ್ನೂ ಈ ಎರಡು ಮಾತುಗಳಿಂದ ಅರ್ಥಮಾಡಿಕೊಳ್ಳಬಹುದು.

ನಮ್ಮ ಹುಡುಗನ ಕೋವಿಯಲ್ಲಿ ಕೆಟ್ಟಿರುವುದು ಎರಡನೆಯದು. ಹಿಂದಿನ ತೋಟಾದ ಮೂವತ್ತು ಗ್ರಾಮಿಗೂ ಮಿಗಿಲಾದ ಚರೆ ಮುಂದಿನ ತೋಟಾದ ಹಿತ್ತಾಳೆಯ ತಳವನ್ನು ಹೋಗಿ ಬಡಿಯುತ್ತದೆ. ಅನಿಲಕ್ಕೆ ಮುಂದೆ ಹೋಗಲು ದಾರಿಯಿಲ್ಲ. ಆ ಹೊಡೆತಕ್ಕೆ ಮುಂದಿನ ತೋಟಾದ ಕೇಪೂ ಸಿಡಿದು, ಅದರ ಮದ್ದೂ ಹತ್ತಿಕೊಳ್ಳಬಹುದು. ನಳಿಗೆಯ ಗೋಡೆ ಚೇಂಬರಿನ ಸುತ್ತ ದಪ್ಪವಾಗಿದ್ದು ಮುಂದೆ ಹೋದಂತೆಲ್ಲ ತೆಳುವಾಗುವುದರಿಂದ, ಅತ್ಯಧಿಕವಾದ ಒತ್ತಡವು ಅದನ್ನು ತಾಳಲಾರದ ಜಾಗದಲ್ಲಿಯೇ ಉಂಟಾಗುತ್ತದೆ. ಜೋಡುನಳಿಗೆಯನ್ನು ಹಿಡಿಯುವವನ ಎಡಗೈ ಇರುವುದು ಸರಿಯಾಗಿ ಅದೇ ಜಾಗದ ಕೆಳಗೆ. ಈ ಅಪಘಾತದಲ್ಲಿ ಬೆರಳುಗಳನ್ನೂ ಅಂಗೈಯನ್ನೂ ಕಳೆದುಕೊಂಡವರ ಸಂಕಟಕ್ಕೆ ಇದಲ್ಲದೆ ಬೇರೆ ಕಾರಣವಿಲ್ಲ.

ಹೆಸರೇ ಅಳತೆಯಲ್ಲ

ಬೋರು ಎಂಬ ಲೆಕ್ಕದ ಮೂಲ ಹಳೆಯದು. ನಳಿಗೆಯ ಅಗಲಕ್ಕೆ ಸರಿಹೊಂದುವ ಸೀಸದ ಗುಂಡುಗಳು ಎಷ್ಟಾದರೆ ಒಂದು ಪೌಂಡು ತೂಗುತ್ತವೆಯೋ ಅದೇ ಆ ಕೋವಿಯ ಬೋರು. ಹನ್ನೆರಡು ಗುಂಡುಗಳಿಗೆ ಪೌಂಡಾದರೆ 12 ಬೋರು. ಇಪ್ಪತ್ತಕ್ಕಾದರೆ 20 ಬೋರು. ಅಂಕಿ ದೊಡ್ಡದಾದಂತೆ ನಳಿಗೆ ಸಣ್ಣದಾಗುವ ಈ ತಲೆಕೆಳಗಿನ ಲೆಕ್ಕವೇ ಹೊಸಬರನ್ನು ದಾರಿತಪ್ಪಿಸುವುದುಂಟು. ಹೆಚ್ಚು ಬಳಕೆಯ ಚರೆಕೋವಿಗಳಲ್ಲಿ .410 ಎಂಬುದೊಂದು ಮಾತ್ರ ಈ ಲೆಕ್ಕವನ್ನು ಬಿಟ್ಟು ಅಂಗುಲದ ಲೆಕ್ಕವನ್ನು ಹಿಡಿದಿದೆ.

ರೈಫಲು, ಪಿಸ್ತೂಲು, ರಿವಾಲ್ವರುಗಳ ಅಂಕಿಗಳು ಅಂಗುಲದಲ್ಲಿಯೋ ಮಿಲಿಮೀಟರಿನಲ್ಲಿಯೋ ಇರುತ್ತವೆಯಾದರೂ, ಅವನ್ನು ಅಳತೆಯೆಂದು ನಂಬುವುದಕ್ಕಿಂತ ಹೆಸರೆಂದು ತಿಳಿಯುವುದೇ ಕ್ಷೇಮ. ಎರಡು ಮಹಾಯುದ್ಧಗಳಲ್ಲಿ ಭಾರತದ ಸಿಪಾಯಿಗಳ ಕೈಯಲ್ಲಿದ್ದ .303 ರೈಫಲಿನ ಗುಂಡಿನ ನಿಜವಾದ ಅಗಲ ಅಂಗುಲದ .311 ಭಾಗ, ಏಕೆಂದರೆ .303 ಎಂಬುದು ನಳಿಗೆಯೊಳಗೆ ಕೊರೆದ ಸುರುಳಿಗೆರೆಗಳ ಉಬ್ಬುಗಳ ನಡುವಣ ಅಂತರ, ಗುಂಡಾದರೋ ಗೆರೆಗಳ ತಗ್ಗನ್ನೂ ತುಂಬಬೇಕು. .38 ಸ್ಪೆಷಲ್ ರಿವಾಲ್ವರಿನ ಗುಂಡಿನ ಅಗಲ .357. ಒಂದು ತೋಟಾದ ಹೆಸರಿನ ಅಂಕಿಯೂ ಇನ್ನೊಂದು ಕೋವಿಯ ಹೆಸರಿನ ಅಂಕಿಯೂ ಒಂದೇ ಆಗಿದೆಯೆಂಬ ಮಾತ್ರಕ್ಕೆ ಅವೆರಡೂ ಒಂದಕ್ಕೊಂದು ಒಪ್ಪುತ್ತವೆಂದು ಹೇಳಲಾಗದು.

ಈ ಹೆಸರುಗಳ ಕಾಡು ಬೆಳೆಯುವುದಕ್ಕೆ ನಮ್ಮ ದೇಶದ ಚರಿತ್ರೆಯೂ ಒಂದಿಷ್ಟು ಕಾರಣವಾಯಿತೆಂಬುದು ಅನೇಕರಿಗೆ ತಿಳಿಯದು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರಕಾರವು, ತನ್ನ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ರೈಫಲುಗಳು ಬಂಡಾಯಗಾರರ ಕೈಸೇರಿ ಅವಕ್ಕೆ ಮದ್ದುಗುಂಡು ಒದಗುವುದನ್ನು ತಡೆಯಬೇಕೆಂದು, ಅವುಗಳದೇ ಅಳತೆಯಾದ .450ರ ಬಂದೂಕು ತೋಟಾಗಳು ಭಾರತಕ್ಕೂ ಸುಡಾನಿಗೂ ಬರದಂತೆ ನಿಷೇಧಿಸಿತು. ಇಲ್ಲಿ ಹುಲಿ ಆನೆಗಳ ಬೇಟೆಗೆಂದು ಕೊಳ್ಳುವವರನ್ನು ಕಳೆದುಕೊಳ್ಳಲೊಲ್ಲದ ಇಂಗ್ಲೆಂಡಿನ ಬಂದೂಕು ತಯಾರಕರು, ಆ ಅಂಕಿಯನ್ನು ತುಸು ತುಸು ಸರಿಸಿ .465, .470, .475, .476 ಎಂದು ಒಬ್ಬೊಬ್ಬರೂ ಒಂದೊಂದು ಹೊಸ ತೋಟಾವನ್ನು ಹುಟ್ಟಿಸಿದರು. ಸೈನ್ಯದ .303 ಇಂದಿಗೂ ಭಾರತದಲ್ಲಿ ಸಾಮಾನ್ಯ ಪ್ರಜೆಗೆ ನಿಷಿದ್ಧವಾಗಿರುವುದರಿಂದಲೇ ನಮ್ಮ ಸರಕಾರಿ ಕಾರ್ಖಾನೆಗಳು ಪ್ರಜೆಗಳಿಗಾಗಿ .315 ರೈಫಲನ್ನು ಮಾಡುತ್ತ ಬಂದುವು. ಅದರ ತೋಟಾದ ಮೂಲ ಆಸ್ಟ್ರಿಯಾದ ಹಳೆಯ 8 ಮಿಲಿಮೀಟರಿನ ಸೈನಿಕ ತೋಟಾ. ಕಾನೂನಿನ ಒಂದೊಂದು ಗೆರೆಯೂ ಹೊಸದೊಂದು ಅಳತೆಯನ್ನು ಲೋಕಕ್ಕೆ ಕೊಟ್ಟಿತು. ಅಳತೆ ಹೆಚ್ಚಿದಂತೆಲ್ಲ ತಪ್ಪಿಗೆ ಅವಕಾಶವೂ ಹೆಚ್ಚಿತು.

ದೊಡ್ಡ ಗುಂಡು, ಕಿರಿದಾದ ನಳಿಗೆ

ಅಮೆರಿಕದ ಸೈನ್ಯವು 1906ರಲ್ಲಿ ಅಂಗೀಕರಿಸಿದ .30-06 ತೋಟಾಕ್ಕೂ ಜರ್ಮನಿಯ 8 ಮಿಲಿಮೀಟರಿನ ಮೌಸರ್ ತೋಟಾಕ್ಕೂ ತಳದ ಅಗಲ ಒಂದೇ. ಜರ್ಮನ್ ತೋಟಾ ಆರು ಮಿಲಿಮೀಟರ್ ಗಿಡ್ಡ. ಆದುದರಿಂದ ಅದು ಅಮೆರಿಕದ ರೈಫಲಿನಲ್ಲಿ ಹೊಕ್ಕು ಕೂರುತ್ತದೆ, ಹಿಂಬದಿಯನ್ನು ಮುಚ್ಚುವ ಬೋಲ್ಟೂ ಮುಚ್ಚಿಕೊಳ್ಳುತ್ತದೆ. ಆದರೆ ಅದರ ಗುಂಡಿನ ಅಗಲ 8.2 ಮಿಲಿಮೀಟರ್, ಅದು ಹಾದುಹೋಗಬೇಕಾದ ನಳಿಗೆಯದು 7.8. ಬಂದೂಕುಗಳ ಬಲಾಬಲಗಳನ್ನು ಜೀವಮಾನವಿಡೀ ಪರೀಕ್ಷಿಸಿದ ಅಮೆರಿಕದ ಸೇನಾಧಿಕಾರಿ ಜೂಲಿಯನ್ ಹ್ಯಾಚರ್ ಅವರು 1947ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಒಂದನೆಯ ಮಹಾಯುದ್ಧದ ಕಾಲದ, ಅಮೆರಿಕದ ಸೈನ್ಯದ ಸ್ಪ್ರಿಂಗ್‌ಫೀಲ್ಡ್ ರೈಫಲುಗಳು ಸಿಡಿದ ಪ್ರಸಂಗಗಳನ್ನು ಒಂದೊಂದಾಗಿ ವಿಚಾರಿಸುತ್ತ, ತಪ್ಪಿ ಬಂದುಸೇರಿದ ಜರ್ಮನ್ ತೋಟಾವನ್ನು ಹಾರಿಸಿದ್ದೂ ಅವುಗಳ ಕಾರಣಗಳಲ್ಲೊಂದೆಂದು ದಾಖಲಿಸಿದ್ದಾರೆ. ಮೊದಮೊದಲು ತಯಾರಾದ ಆ ರೈಫಲುಗಳ ಉಕ್ಕನ್ನು ಕಾಯಿಸಿ ಹದಗೊಳಿಸುವುದರಲ್ಲಿಯೂ ಲೋಪವಿತ್ತು. ಹದ ಕೆಟ್ಟ ಉಕ್ಕಿಗೆ ತಪ್ಪು ತೋಟಾ ಕೂಡಿದಾಗ ಅದು ಬಾಗುವ ಬದಲು ಚೂರಾಯಿತು.

ಜರ್ಮನ್ ತೋಟಾದ ಕಥೆ ಅಷ್ಟಕ್ಕೇ ಮುಗಿಯದು. 1888ರಲ್ಲಿ ಅದು ಹುಟ್ಟಿದಾಗ ಗುಂಡಿನ ಅಗಲ ಅಂಗುಲದ .318 ಭಾಗವಿತ್ತು, 1905ರಲ್ಲಿ ಜರ್ಮನ್ ಸೈನ್ಯವು ಹೊಸ ಗುಂಡನ್ನು ತಂದಾಗ ಅದು .323 ಆಯಿತು. ತೋಟಾದ ಚಿಪ್ಪಿನ ಆಕಾರವೂ ಹೆಸರೂ ಮಾತ್ರ ಹೆಚ್ಚು ಕಡಮೆ ಹಾಗೆಯೇ ಉಳಿದುವು. ಹಳೆಯ ರೈಫಲಿನಲ್ಲಿ ಹೊಸ ತೋಟಾವನ್ನು ಹಾರಿಸುವವನಿಗೆ ಕಣ್ಣಿನಿಂದ ಈ ವ್ಯತ್ಯಾಸವನ್ನು ಕಾಣುವುದು ಅಸಾಧ್ಯ. ಹೆಸರಿನ ಕೊನೆಗೆ ಸೇರಿಸಿದ ಒಂದಕ್ಷರವನ್ನು ಓದಿಯೇ ತಿಳಿಯಬೇಕು.

ನಮ್ಮ ಕಾಲದ ಉದಾಹರಣೆ ಇನ್ನೂ ಕಳವಳಕಾರಿಯಾದುದು. ಅಮೆರಿಕದಲ್ಲಿ 2011ರಲ್ಲಿ ಅಧಿಕೃತ ಮಾನ್ಯತೆ ಪಡೆದ .300 ಬ್ಲ್ಯಾಕ್‌ಔಟ್ ಎಂಬ ತೋಟಾವನ್ನು, ಅಲ್ಲಿ ಅತಿ ಬಳಕೆಯ .223 ತೋಟಾದ ಚಿಪ್ಪನ್ನೇ ಕತ್ತರಿಸಿ ಗಿಡ್ಡಗೊಳಿಸಿ, ದಪ್ಪ ಗುಂಡನ್ನು ಕೂರಿಸಿ ಮಾಡಿದ್ದಾರೆ. ಅದೇ ರೈಫಲು, ಅದೇ ಬೋಲ್ಟು, ಅದೇ ಮ್ಯಾಗಜೀನು ಸಾಕು, ನಳಿಗೆಯೊಂದನ್ನು ಬದಲಿಸಿದರಾಯಿತು ಎಂಬುದೇ ಅದರ ಹೆಗ್ಗಳಿಕೆಯಾಗಿತ್ತು. ಆ ಅನುಕೂಲವೇ ಅಪಾಯವೂ ಆಯಿತು. ಒಂದರ ಮ್ಯಾಗಜೀನು ಇನ್ನೊಂದರಲ್ಲಿ ಯಾವ ಅಡ್ಡಿಯೂ ಇಲ್ಲದೆ ಕೂರುವುದರಿಂದ, 7.8 ಮಿಲಿಮೀಟರಿನ ಗುಂಡು 5.7 ಮಿಲಿಮೀಟರಿನ ನಳಿಗೆಯ ಹಿಂದೆ ಬಂದು ನಿಲ್ಲುತ್ತದೆ. ಕೆಲವು ಗುಂಡುಗಳ ಆಕಾರವು ಬೋಲ್ಟು ಪೂರ್ತಿಯಾಗಿ ಮುಚ್ಚಿಕೊಳ್ಳುವುದಕ್ಕೂ ಎಡೆಗೊಡುತ್ತದೆ. ಆಮೇಲೆ ಟ್ರಿಗರ್ ಎಳೆದರೆ ರೈಫಲು ಕೈಯಲ್ಲಿಯೇ ಛಿದ್ರವಾಗುತ್ತದೆ. ಹಲವರು ಈ ಬಗೆಯಲ್ಲಿ ರೈಫಲನ್ನು ಕಳೆದುಕೊಂಡು, ಮುಖಕ್ಕೂ ಕೈಗಳಿಗೂ ಗಾಯಮಾಡಿಕೊಂಡಿದ್ದಾರೆ.

ಪ್ರತಿಯಾಗಿ ಹೇಳುವ ಕಥೆಯೊಂದುಂಟು. ಜಪಾನಿನ 6.5 ಮಿಲಿಮೀಟರಿನ ಅರಿಸಾಕ ರೈಫಲಿನ ಚೇಂಬರನ್ನು ಮಾತ್ರ .30-06 ತೋಟಾಕ್ಕೆ ಹೊಂದುವಂತೆ ಕೊರೆಸಿ, ನಳಿಗೆಯನ್ನು ಹಾಗೆಯೇ ಬಿಟ್ಟವನೊಬ್ಬನು ಅದರಿಂದ ಜಿಂಕೆಯನ್ನೂ ಹೊಡೆದನೆಂದೂ, ರೈಫಲು ಸಿಡಿಯದೆ ಉಳಿಯಿತೆಂದೂ ಅಮೆರಿಕದ ಬಂದೂಕು ಪತ್ರಿಕೆಯಲ್ಲಿ ವರದಿಯಾಗಿತ್ತು. ಆ ರೈಫಲನ್ನು ಕಟ್ಟಿದವರ ಕೌಶಲಕ್ಕೆ ತಲೆಬಾಗಬೇಕಾದದ್ದೇ. ಆದರೆ ಇದನ್ನು ಕೇಳಿ ‘ಏನೂ ಆಗುವುದಿಲ್ಲ’ ಎಂದು ಧೈರ್ಯ ತಂದುಕೊಳ್ಳುವವರನ್ನು ಕಂಡರೆ ನನಗೆ ನಿಜವಾಗಿಯೂ ಭಯವಾಗುತ್ತದೆ. ಉಳಿದ ಒಂದು ರೈಫಲಿನ ಸುದ್ದಿ ಪತ್ರಿಕೆಗೆ ಬಂದುದೇ ಅದು ಅಪರೂಪವೆಂಬ ಕಾರಣದಿಂದ.

ನಮ್ಮ ಮೂವತ್ತೆರಡು

ಭಾರತದಲ್ಲಿ ಆತ್ಮರಕ್ಷಣೆಗೆಂದು ಲೈಸೆನ್ಸ್ ಪಡೆದವರ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಪಿಸ್ತೂಲು ರಿವಾಲ್ವರುಗಳ ಅಳತೆ .32. ಈ ಒಂದೇ ಅಂಕಿಯ ಹಿಂದೆ ಎರಡು ಬೇರೆ ಬೇರೆ ತೋಟಾಗಳಿವೆಯೆಂಬುದನ್ನು ಪ್ರತಿಯೊಬ್ಬ ಲೈಸೆನ್ಸುದಾರನೂ ಅರಿತಿರಬೇಕು. ರಿವಾಲ್ವರಿನ .32, ಸ್ಮಿತ್ ಅಂಡ್ ವೆಸನ್ ಲಾಂಗ್ ಎಂಬ ಹೆಸರಿನದು, 1896ರಲ್ಲಿ ಬಂದುದು; ತಳದಲ್ಲಿ ಸ್ಪಷ್ಟವಾಗಿ ಚಾಚಿದ ಅಂಚುಳ್ಳದ್ದು. ಪಿಸ್ತೂಲಿನ .32, ಜಾನ್ ಬ್ರೌನಿಂಗ್ ರೂಪಿಸಿದ 7.65 ಮಿಲಿಮೀಟರಿನದು, ಗಿಡ್ಡವಾದುದು, ಅಂಚು ಬಹಳ ಕಿರಿದಾದುದು. ಗುಂಡಿನ ಅಗಲ ಎರಡರಲ್ಲಿಯೂ ಹೆಚ್ಚು ಕಡಮೆ ಒಂದೇ.

ಪಿಸ್ತೂಲಿನ ಈ ಗಿಡ್ಡ ತೋಟಾ ಅನೇಕ .32 ರಿವಾಲ್ವರುಗಳಲ್ಲಿ ಹೊಕ್ಕು ಕೂರುತ್ತದೆ, ಸಿಡಿಯುತ್ತದೆ ಕೂಡ. ಆದರೆ ಅದಕ್ಕೆ ಅಮೆರಿಕದ ತಯಾರಕರ ಸಂಘವು ನಿಗದಿಪಡಿಸಿರುವ ಒತ್ತಡದ ಮೇರೆ ಚದರಂಗುಲಕ್ಕೆ 20,500 ಪೌಂಡು. ರಿವಾಲ್ವರಿನ ತೋಟಾಕ್ಕೆ 15,000. ಮೂರರಲ್ಲೊಂದು ಪಾಲಿಗೂ ಮಿಗಿಲಾದ ಈ ಹೆಚ್ಚಳವನ್ನು ಗಟ್ಟಿಯಾದ ಹೊಸ ರಿವಾಲ್ವರು ಒಂದೆರಡು ಬಾರಿ ಸಹಿಸಿಕೊಂಡೀತು. ನೂರು ವರ್ಷದ ಹಿಂದೆ, ಮೆದು ಕಬ್ಬಿಣದಲ್ಲಿ ಮಾಡಿದ, ಹಿರಿಯರ ಪೆಟ್ಟಿಗೆಯಿಂದ ಬಂದ ರಿವಾಲ್ವರು ಸಹಿಸಿಕೊಳ್ಳಲಾರದು. ತಪ್ಪು ಮಾಡಿದವನಿಗೆ ಮೊದಲ ಬಾರಿ ಏನೂ ಆಗದಿರುವುದು ಇಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಅದೇ ಅವನ ಅಭ್ಯಾಸವಾಗಿ ಬೇರೂರುತ್ತದೆ.

ಕಾಲು ಅಂಗುಲದ ಮಾತು

ಬೋರು ಸರಿಯಾಗಿದ್ದರೂ ತೋಟಾ ತಪ್ಪಾಗಿರಬಹುದು. 12 ಬೋರಿನ ಚೇಂಬರುಗಳಲ್ಲಿ ಎರಡೂವರೆ ಅಂಗುಲ, ಎರಡೂ ಮುಕ್ಕಾಲು ಅಂಗುಲ, ಮೂರು ಅಂಗುಲ ಎಂಬ ಬೇರೆ ಬೇರೆ ಉದ್ದಗಳುಂಟು; ಮಿಲಿಮೀಟರಿನಲ್ಲಿ 65, 70, 76. ಮಲೆನಾಡು ಕೊಡಗುಗಳ ಮನೆಗಳಲ್ಲಿ ತಲೆಮಾರುಗಳಿಂದ ಉಳಿದುಬಂದಿರುವ ಇಂಗ್ಲೆಂಡಿನ ಹಳೆಯ ಜೋಡುನಳಿಗೆಗಳು ಬಹುಮಟ್ಟಿಗೆ 65 ಮಿಲಿಮೀಟರಿನವು. ಇಂದು ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವುದು 70 ಮಿಲಿಮೀಟರಿನ ತೋಟಾ.

ತೋಟಾದ ಉದ್ದದ ಬಗೆಗೆ ಮೇಲೆ ಹೇಳಿದ ಕಾರಣದಿಂದಲೇ, ಬಾಯಿ ಮಡಿಸಿರುವ 70 ಮಿಲಿಮೀಟರಿನ ತೋಟಾ 65ರ ಚೇಂಬರಿನಲ್ಲಿ ನಿರಾತಂಕವಾಗಿ ಕೂರುತ್ತದೆ. ಆದರೆ ಸಿಡಿಯುವ ವೇಳೆ ಅದರ ಬಾಯಿ ಬಿಚ್ಚಿಕೊಳ್ಳಲು ಸ್ಥಳವಿಲ್ಲದೆ, ಮುಂದಿನ ಇಳಿಜಾರಿನೊಳಕ್ಕೆ ಚಾಚಿ, ಚರೆ ಹಾದುಹೋಗುವ ದಾರಿಯನ್ನು ಇಕ್ಕಟ್ಟಾಗಿಸುತ್ತದೆ, ಒತ್ತಡ ಏರುತ್ತದೆ. ಕಪ್ಪು ಮದ್ದಿನ ಕಾಲದಲ್ಲಿ ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಹೆಣೆದು ಬಡಿದು ಮಾಡಿದ, ಮೈಮೇಲೆ ಅಲೆಯಲೆಯಾದ ಚಿತ್ತಾರ ಕಾಣುವ ಡಮಾಸ್ಕಸ್ ನಳಿಗೆಗಳಲ್ಲಿ ಇದು ಇನ್ನಷ್ಟು ಅಪಾಯಕರ. ಅವನ್ನು ಗೋಡೆಯ ಮೇಲೆ ಗೌರವದಿಂದ ಇಟ್ಟುಕೊಳ್ಳುವುದೇ ಲೇಸು.

ಹಾಗಾದರೆ ತಿಳಿಯುವುದು ಹೇಗೆ? ಇಂಗ್ಲೆಂಡಿನಲ್ಲಿ ಮಾಡಿದ ಪ್ರತಿಯೊಂದು ಕೋವಿಯನ್ನೂ ಲಂಡನ್ನಿನಲ್ಲಿಯೋ, 1813ರಲ್ಲಿ ಆರಂಭವಾದ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯದಲ್ಲಿಯೋ, ವಾಡಿಕೆಗಿಂತ ಹೆಚ್ಚು ಮದ್ದು ಹಾಕಿ ಹಾರಿಸಿ, ತಾಳಿಕೊಂಡವುಗಳ ನಳಿಗೆಯ ಕೆಳಗೆ ಕಿರೀಟದ ಚಿಹ್ನೆಯೊಡನೆ ಮುದ್ರೆಯೊತ್ತುತ್ತಿದ್ದರು. ವಜ್ರಾಕೃತಿಯೊಳಗೆ 12 ಎಂಬ ಅಂಕಿಯೂ ಒಂದು ಇಂಗ್ಲಿಷ್ ‘ಸಿ’ ಅಕ್ಷರವೂ ಕಂಡರೆ ಅದು 12 ಬೋರಿನ ಚೇಂಬರೆಂದರ್ಥ. 1925ಕ್ಕೆ ಹಿಂದಿನ ಮುದ್ರೆಗಳಲ್ಲಿ ಚೇಂಬರಿನ ಉದ್ದವನ್ನು ಸಾಮಾನ್ಯವಾಗಿ ಬರೆಯುತ್ತಿರಲಿಲ್ಲವಾದುದರಿಂದ, ಆ ಕಾಲದ ಕೋವಿಯನ್ನು ಬಲ್ಲ ಕೋವಿ ರಿಪೇರಿಯವರಿಂದ ಅಳೆಸಿಯೇ ನಿಶ್ಚಯಿಸಬೇಕು. ಯಾವ ಪರೀಕ್ಷೆಯನ್ನೂ ಕಾಣದೆ, ಸಿಕ್ಕಿದ ಕೊಳವೆಯಿಂದ ಗುಟ್ಟಾಗಿ ತಯಾರಾಗುವ ನಾಡಕೋವಿ ನಾಡಪಿಸ್ತೂಲುಗಳ ವಿಷಯದಲ್ಲಿ ಸರಿಯಾದ ತೋಟಾವೆಂಬುದೇ ಇಲ್ಲ. ಅವು ಕಾನೂನಿಗೂ ವಿರುದ್ಧ, ಹಾರಿಸುವವನ ಪ್ರಾಣಕ್ಕೂ ವಿರುದ್ಧ.

ಹೊಂದದಂತೆ ಮಾಡುವ ವಿವೇಕ

ಇಷ್ಟೆಲ್ಲ ಕೇಳಿದ ಮೇಲೆ, ತಯಾರಕರು ಏನನ್ನೂ ಮಾಡಲಿಲ್ಲವೆ ಎಂದು ಓದುಗರು ಕೇಳಬಹುದು. ಮಾಡಿದ್ದಾರೆ; ಕೆಲವೆಡೆ ಬಹಳ ಚೆನ್ನಾಗಿಯೇ ಮಾಡಿದ್ದಾರೆ. 1935ರಲ್ಲಿ .357 ಮ್ಯಾಗ್ನಮ್ ಎಂಬ ಪ್ರಬಲವಾದ ರಿವಾಲ್ವರ್ ತೋಟಾ ಬಂದಾಗ, ಅದರ ಚಿಪ್ಪನ್ನು .38 ಸ್ಪೆಷಲ್ ತೋಟಾಕ್ಕಿಂತ ಮೂರು ಮಿಲಿಮೀಟರಿನಷ್ಟು ಉದ್ದವಾಗಿಸಿದರು. ಮುಖ್ಯ ಉದ್ದೇಶ ಒಂದೇ: ಹಳೆಯ, ದುರ್ಬಲವಾದ .38 ರಿವಾಲ್ವರಿನಲ್ಲಿ ಅದು ಕೂರಲೇಬಾರದು. ಅದಕ್ಕೆ ಪ್ರತಿಯಾಗಿ .38 ಸ್ಪೆಷಲ್ ತೋಟಾವನ್ನು .357ರ ರಿವಾಲ್ವರಿನಲ್ಲಿ ನಿರ್ಭಯವಾಗಿ ಹಾರಿಸಬಹುದು. ತಯಾರಕರೇ ಅದಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ. ಮನುಷ್ಯನ ಜ್ಞಾಪಕಶಕ್ತಿಯನ್ನು ನಂಬದೆ ಲೋಹದ ಉದ್ದವನ್ನು ನಂಬಿದ ಈ ಏರ್ಪಾಡನ್ನು ನಾನು ಮನಸಾರೆ ಮೆಚ್ಚುತ್ತೇನೆ; .300 ಬ್ಲ್ಯಾಕ್‌ಔಟಿನವರು ಇದೇ ದಾರಿಯನ್ನು ಹಿಡಿಯಬೇಕಾಗಿತ್ತು.

ಚರೆಕೋವಿಗಳಲ್ಲಿ ಅಳತೆಯನ್ನು ಬದಲಿಸುವ ಕಾಲ ಎಂದೋ ಮೀರಿಹೋಗಿತ್ತು. ಲಕ್ಷಾಂತರ ಕೋವಿಗಳು ಆಗಲೇ ಲೋಕದಲ್ಲಿದ್ದುವು. ಅಲ್ಲಿ ಬಣ್ಣವನ್ನು ಆಶ್ರಯಿಸಿದರು. 20 ಬೋರಿನ ತೋಟಾಕ್ಕೆ ಹಳದಿ ಬಣ್ಣವೆಂಬುದು ಅಮೆರಿಕದಲ್ಲಿ ನೆಲೆನಿಂತ ಕಟ್ಟಳೆ. ಬೇರೆ ದೇಶಗಳ ಅನೇಕ ತಯಾರಕರೂ ಅದನ್ನು ಅನುಸರಿಸುತ್ತಾರೆ. ಆದರೆ ಹಳೆಯ ರಟ್ಟಿನ ತೋಟಾಗಳು ಯಾವ ಬಣ್ಣದಲ್ಲಿಯೂ ಇರಬಹುದು. ಮಬ್ಬುಗತ್ತಲೆಯಲ್ಲಿ ಬಣ್ಣ ಕಾಣದು. ಬಣ್ಣವು ಎಚ್ಚರಿಕೆಗೆ ಸಹಾಯಕವೇ ಹೊರತು ಅದರ ಸ್ಥಾನದಲ್ಲಿ ನಿಲ್ಲುವ ವಸ್ತುವಲ್ಲ.

ಕೋವಿಯುಳ್ಳವರಲ್ಲಿ ಒಂದು ಬಿನ್ನಹ

ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯಿದೆ. ಕೇಂದ್ರ ಸರಕಾರವು 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ಆ ವಿನಾಯಿತಿಯನ್ನು ಎತ್ತಿಹಿಡಿಯಿತು. ಮಲೆನಾಡಿನಲ್ಲಿ ಬೆಳೆರಕ್ಷಣೆಗೆಂದು ಲೈಸೆನ್ಸ್ ಪಡೆದವರೂ ಬಹಳ ಮಂದಿ ಇದ್ದಾರೆ. ಹುಟ್ಟಿಗೂ ಸಾವಿಗೂ ಸುಗ್ಗಿಯ ಹಬ್ಬವಾದ ಹುತ್ತರಿಗೂ ಈಡು ಹಾರಿಸುವ ನಾಡಿನಲ್ಲಿ ಕೋವಿ ಅಲಂಕಾರದ ವಸ್ತುವಲ್ಲ, ಬಳಕೆಯಲ್ಲಿರುವ ವಸ್ತು. ಆದುದರಿಂದ ಈ ಮಾತುಗಳು ಮುಖ್ಯವಾಗಿ ಆ ಮನೆಗಳಿಗೆ.

ನಳಿಗೆಯ ಮೇಲೆ ಕೊರೆದಿರುವ ಅಂಕಿಯನ್ನೂ ತೋಟಾದ ತಳದಲ್ಲಿ ಒತ್ತಿರುವ ಅಂಕಿಯನ್ನೂ ಓದಿ, ಅವೆರಡೂ ಒಂದೇ ಆಗಿವೆಯೆಂದು ಕಂಡ ಮೇಲೆಯೇ ತುಂಬಿರಿ. ಎರಡು ಅಳತೆಯ ತೋಟಾಗಳನ್ನು ಒಂದೇ ಚೀಲದಲ್ಲಿಯೂ ಒಂದೇ ಜೇಬಿನಲ್ಲಿಯೂ ಇಡಬೇಡಿ. ಕೋವಿಯನ್ನು ಬದಲಿಸಿದಾಗ ಜೇಬುಗಳನ್ನು ಪೂರ್ತಿಯಾಗಿ ಬರಿದುಮಾಡಿ. ಅಕ್ಷರ ಅಳಿಸಿಹೋದ, ಯಾವ ಕೋವಿಯದೆಂದು ತಿಳಿಯದ ತೋಟಾಗಳು ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕಿದರೆ, ‘ಹಾಕಿ ನೋಡೋಣ’ ಎನ್ನದೆ ಲೈಸೆನ್ಸುಳ್ಳ ಅಂಗಡಿಯವರಿಗೋ ಪೊಲೀಸ್ ಠಾಣೆಗೋ ತಿಳಿಸಿ.

ಟ್ರಿಗರ್ ಎಳೆದಾಗ ಈಡು ಹಾರದಿದ್ದರೆ, ಅಥವಾ ಸದ್ದು ಎಂದಿಗಿಂತ ಕ್ಷೀಣವಾಗಿ ಕೇಳಿದರೆ, ನಳಿಗೆಯನ್ನು ಜನರಿಲ್ಲದ ಕಡೆಗೆ ತಿರುಗಿಸಿಕೊಂಡು ಅರ್ಧ ನಿಮಿಷವಾದರೂ ಕಾಯಿರಿ. ತಡವಾಗಿ ಸಿಡಿಯುವ ತೋಟಾಗಳುಂಟು. ಆಮೇಲೆ ಕೋವಿಯನ್ನು ಮುರಿದು, ಹಾಕಿದ ತೋಟಾ ಹೊರಗೆ ಬಂದಿತೇ ಎಂದು ನೋಡಿ. ಬಾರದಿದ್ದರೆ ಅದು ಮುಂದೆ ಎಲ್ಲಿಯೋ ಇದೆಯೆಂದೇ ತಿಳಿಯಿರಿ. ಚೇಂಬರು ಬರಿದಾಗಿದ್ದರೆ ಹಿಂಬದಿಯಿಂದ ನಳಿಗೆಯೊಳಕ್ಕೆ ದೃಷ್ಟಿಹಾಯಿಸಿ. ಆಚೆಯ ತುದಿಯ ಬೆಳಕು ದುಂಡಗೆ ಪೂರ್ತಿಯಾಗಿ ಕಾಣಿಸದಿದ್ದರೆ, ಎಂಥ ಅವಸರವಿದ್ದರೂ, ಸುತ್ತ ನಿಂತವರು ಏನೇ ಅಂದರೂ, ದಯಮಾಡಿ ಎರಡನೆಯ ತೋಟಾವನ್ನು ಹಾಕಬೇಡಿ.